ವೇದಕ್ಕನ ಹಲ್ಲಿ

ಸತ್ತು ಹದಿನೇಳು ಕೋಟಿ ವರ್ಷವಾದ ಪ್ರಾಣಿಯೊಂದು ನನ್ನ ಮದುವೆಗೆ ಅಡ್ಡ ಕೂತಿದೆ ಎಂದು ನನ್ನ ಅಮ್ಮ ಜಲಜಮ್ಮ ಕವಲೇದುರ್ಗದ ಕೆಳಗಿನ ನಮ್ಮೂರಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಹೇಳಲಿ. ಪೂರ್ತಿ ಸುಳ್ಳಂತೂ ಅಲ್ಲ. ಪಿಎಚ್‌ಡಿ ಮುಗಿಯುವವರೆಗೆ ಗಂಡು ನೋಡಬೇಡಿ ಎಂದವಳು ನಾನೇ. ಪಿಎಚ್‌ಡಿ ಎಂಬುದು ಮುಗಿಯುವ ವಸ್ತು ಎಂದು ಆಗ ನಂಬಿದ್ದೆ.

ಆ ಪ್ರಾಣಿಯಾದರೂ ಎಷ್ಟು ದೊಡ್ಡದು? ಬಾಲ ಸೇರಿಸಿದರೂ ಅಂಗೈಯಲ್ಲಿ ಹಿಡಿಸುವಷ್ಟು. ಡೈನೋಸಾರ್‌ಗಳ ಕಾಲಡಿಯಲ್ಲಿ ಹುಳಹುಪ್ಪಟೆ ತಿಂದುಕೊಂಡಿದ್ದ ಸರೀಸೃಪ. ಗೋದಾವರಿ ದಂಡೆಯ ಜುರಾಸಿಕ್ ಕಾಲದ ಜೇಡಿಮಣ್ಣಿನಲ್ಲಿ ಅದರದ್ದೆಂದು ಸಿಕ್ಕಿದ್ದು ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ದವಡೆ ಚೂರು, ಅದರ ಅಂಚಿನಲ್ಲಿ ಗರಗಸದಂತೆ ಕೆಲವು ಹಲ್ಲು, ಮತ್ತೆರಡು ಬೆನ್ನುಮೂಳೆಯ ತುಣುಕು. ತಲೆ ಇಲ್ಲ, ಕಾಲಿಲ್ಲ. ಇಷ್ಟನ್ನೇ ಇಟ್ಟುಕೊಂಡು ನನ್ನ ಗೈಡ್ ಮಹಾಗಣಪತಿ ಸರ್ ಪೇಪರು ಬರೆದು, ಇದು ಹೊಸ ಜಾತಿ ಎಂದು ಸಾರಿ, ವೇದಸಾರಸ್ ಎಂದು ಹೆಸರಿಟ್ಟಿದ್ದರು. ಅವರ ಹೆಂಡತಿಯ ಹೆಸರು ವೇದಾವತಿ. ಶಿಷ್ಯರಾದ ನಾವು ಬೆನ್ನ ಹಿಂದೆ ಅದನ್ನು ವೇದಕ್ಕನ ಹಲ್ಲಿ ಎನ್ನುತ್ತಿದ್ದೆವು. ವೇದಕ್ಕನಿಗೂ ಅದು ಗೊತ್ತಿತ್ತು, ನಗುತ್ತಿದ್ದರು.

ಹೆಂಡತಿಯ ಹೆಸರಿಟ್ಟದ್ದು ಬರೀ ಪ್ರೀತಿಗಲ್ಲ. ಆ ಮಣ್ಣು ತೊಳೆದವರೇ ವೇದಕ್ಕ. ಸರ್ ಪಾಠ ಮಾಡುತ್ತಿದ್ದ ತೀರ್ಥಹಳ್ಳಿಯ ಕಾಲೇಜಿನಲ್ಲಿ ಅದಕ್ಕೆ ಜಾಗವಿರಲಿಲ್ಲ, ನೀರಿರಲಿಲ್ಲ, ಮೇಲಿನವರಿಗೆ ಮನಸ್ಸೂ ಇರಲಿಲ್ಲ. ಗೋದಾವರಿ ಸೀಮೆಯಿಂದ ಬಂದ ಮೂಟೆಗಳು ನೇರವಾಗಿ ಹೊಸನಗರದ ಕಡೆಯ ಅವರ ಮನೆಯ ಅಂಗಳದಲ್ಲಿ ಇಳಿಯುತ್ತಿದ್ದವು. ವೇದಕ್ಕ ಮಣ್ಣನ್ನು ಬಾನಿಯಲ್ಲಿ ನೆನೆಹಾಕಿ, ಕರಗಿದ ಮೇಲೆ ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದ ಮರಳಿನಂಥ ಪುಡಿಯನ್ನು ಒಣಗಿಸುತ್ತಿದ್ದರು. ಆ ಪುಡಿಯನ್ನು ಮೈಕ್ರೋಸ್ಕೋಪಿನ ಕೆಳಗೆ ಹರಡಿ, ಒದ್ದೆ ಬ್ರಶ್ಶಿನ ತುದಿಯಲ್ಲಿ ಕಾಳುಕಾಳಾಗಿ ಸರಿಸುತ್ತ, ಹಲ್ಲು ಮೂಳೆ ಸಿಗುತ್ತದೋ ಎಂದು ನೋಡುವುದು ನಮ್ಮ ಕೆಲಸ. ಚಿನ್ನ ಸೋಸುವವರಿಗಾದರೂ ಕೊನೆಗೆ ಚಿನ್ನ ಸಿಗುತ್ತದೆ.

ಬೇರೆ ಕಡೆ ಅದನ್ನು ಒಣಗಿಸಲಿಕ್ಕೆ ಮುಚ್ಚಿದ ಯಂತ್ರಗಳಿವೆ. ಸರ್ ಮನೆಯಲ್ಲಿ ಇದ್ದದ್ದು ಅಡಿಕೆ ಒಣಗಿಸುವ ಚಪ್ಪರ, ಅದರ ಮೇಲೆ ಹಾಸಿದ ಬಿದಿರಿನ ತಟ್ಟಿ. ಬೇಯಿಸಿದ ಅಡಿಕೆಯನ್ನು ಒಂದು ಬದಿಗೆ ಒತ್ತರಿಸಿ, ಇನ್ನೊಂದು ಬದಿಯಲ್ಲಿ ಹಳೆ ಪಂಚೆ ಹಾಸಿ ಪುಡಿ ಹರಡುತ್ತಿದ್ದರು. ಸಂಜೆ ತೆಗೆಯುವಾಗ ಪಂಚೆಯಿಂದ ಆಚೆ ಚೆಲ್ಲಿದ್ದನ್ನೂ ವೇದಕ್ಕ ಬಿಡುತ್ತಿರಲಿಲ್ಲ. ಹಿಡಿಕಡ್ಡಿಯಲ್ಲಿ ತಟ್ಟಿಯನ್ನು ಚೊಕ್ಕಟವಾಗಿ ಗುಡಿಸಿ ಒಂದು ಕಾಳೂ ಪೋಲಾಗದಂತೆ ಮೊರಕ್ಕೆ ತುಂಬುತ್ತಿದ್ದರು. ಅಡಿಕೆ ಮನೆಯ ಹೆಂಗಸರ ಕೈಗೆ ಬೇರೆ ರೀತಿ ಬರುವುದೇ ಇಲ್ಲ. ಆ ಶ್ರದ್ಧೆಯನ್ನು ಸರ್ ತಮ್ಮ ಪೇಪರಿನ ಕೊನೆಯಲ್ಲಿ ಕೃತಜ್ಞತೆಯಿಂದ ನೆನೆದಿದ್ದರು.

ನಾನು ಈ ವಿಷಯಕ್ಕೆ ಬಂದು ಬಿದ್ದದ್ದು ಸರ್ ಪಾಠ ಕೇಳಿ. ಎಂಎಸ್ಸಿಯಲ್ಲಿದ್ದಾಗ ನಮ್ಮೂರಿನ ದುರ್ಗೇಶ್ ಕೋಟೆಯ ಬುಡದಲ್ಲಿ ಸಿಕ್ಕಿತೆಂದು ದೊಡ್ಡದೊಂದು ಹಲ್ಲು ತಂದಿದ್ದ. ಡೈನೋಸಾರ್‌ನದೇ ಎಂದು ಅವನ ಹಟ. ಸರ್ ಒಂದು ಸೂಜಿಯನ್ನು ಸ್ಪಿರಿಟ್ ದೀಪದಲ್ಲಿ ಕೆಂಪಗೆ ಕಾಯಿಸಿ ಹಲ್ಲಿನ ಬುಡಕ್ಕೆ ತಾಗಿಸಿದರು. ಲ್ಯಾಬಿನ ತುಂಬ ಕೂದಲು ಸುಟ್ಟ ವಾಸನೆ. "ನೋಡ್ರೋ, ಮೂಳೆ ಕಲ್ಲಾಗಿದ್ರೆ ಸುಡಕ್ಕೆ ಅದ್ರಲ್ಲಿ ಎಂತದೂ ಇರಲ್ಲ, ವಾಸನೆ ಬರಲ್ಲ. ಹೊಸ ಮೂಳೆ ಆದ್ರೆ ಹಿಂಗೆ ನಾರ್ತದೆ. ಇದು ಯಾರದ್ದೋ ಮನೆ ಎಮ್ಮೆ," ಎಂದರು. ದುರ್ಗೇಶ್ ಇವತ್ತಿಗೂ ಸಿಕ್ಕಲ್ಲಿ ಎಮ್ಮೆ ಎಂದರೆ ಜಗಳಕ್ಕೆ ಬರುತ್ತಾನೆ. ಅಷ್ಟು ಸರಳವಾಗಿ ಸತ್ಯ ಹೊರಗೆ ಬರುವ ವಿಷಯ ಬೇರೆ ಯಾವುದಿದೆ ಎಂದು ನಾನು ಅವತ್ತು ಮರುಳಾದೆ. ಅದೇ ನಾನು ಮಾಡಿದ ದೊಡ್ಡ ಸಾಹಸ.

ಅಲ್ಲಿಂದ ಇಲ್ಲಿಯವರೆಗೆ ವೇದಕ್ಕನ ಹಲ್ಲಿಯ ಹಿಂದೆಯೇ ಇದ್ದೇನೆ. ಹಗಲು ತೀರ್ಥಹಳ್ಳಿಯಲ್ಲಿ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ ಹೊಸದಾಗಿ ಅತಿಥಿಯಾಗಬೇಕು. ಸಂಜೆ ಬಸ್ಸು, ರಜೆಯಲ್ಲಿ ಸರ್ ಮನೆಯ ಜಗಲಿ, ಮೈಕ್ರೋಸ್ಕೋಪು. ನನ್ನ ಪ್ರಬಂಧದ ಎಲ್ಲ ಅಧ್ಯಾಯವೂ ನಿಂತಿರುವುದು ಆ ದವಡೆಯ ಮೇಲೆ. ಅದರ ಹಲ್ಲುಗಳು ಎಲುಬಿನ ಅಂಚಿಗೇ ಬೆಸೆದುಕೊಂಡು ತ್ರಿಕೋನಾಕಾರವಾಗಿ ನಿಂತಿವೆ, ನಮ್ಮ ಬೇಲಿಯ ಮೇಲೆ ಕತ್ತು ಕುಣಿಸುವ ಓತಿಕ್ಯಾತನ ಹಲ್ಲಿನ ಹಾಗೆ. ಅಷ್ಟು ಹಿಂದಿನ ಕಾಲದಲ್ಲೇ ಇಂಥ ಹಲ್ಲು ಹೇಗೆ ಬಂತು ಎಂಬುದೇ ಸರ್ ಪೇಪರಿನ ಬೆರಗು. ಆ ಬೆರಗಿಗೆ ಉತ್ತರವಾಗಿ ನಾನು ಒಂದಿಡೀ ಅಧ್ಯಾಯ ಬರೆದಿದ್ದೆ. ಈ ವರ್ಷ ಯುಗಾದಿಯೊಳಗೆ ಸಲ್ಲಿಸಿಬಿಟ್ಟರೆ ಡಿಗ್ರಿ, ಡಿಗ್ರಿ ಬಂದರೆ ಖಾಯಂ ಕೆಲಸದ ಆಸೆ. ಸರ್ ನಿವೃತ್ತರಾಗಿದ್ದರು. ಅವರ ಕೈಕೆಳಗೆ ಉಳಿದಿದ್ದ ಕೊನೆಯ ಶಿಷ್ಯೆ ನಾನು. ನಾನು ಮುಗಿಸಿದರೆ ಅವರಿಗೂ ಬಿಡುಗಡೆ.

ಡಿಸೆಂಬರಿನಲ್ಲಿ ಕೊನೆಯ ತಿದ್ದುಪಡಿಗೆಂದು ಅವರ ಮನೆಗೆ ಹೋಗಿದ್ದೆ. ಅಡಿಕೆ ಬೇಯಿಸುವ ಸಮಯ. ಅಂಗಳದ ಹಂಡೆಯಲ್ಲಿ ಚೊಗರು ಕುದಿಯುತ್ತಿತ್ತು. ಅಡಿಕೆ ಬೆಂದ ನೀರು ಬತ್ತಿ ಬತ್ತಿ ಕರಿಗೆಂಪಾದದ್ದೇ ಚೊಗರು, ಅಡಿಕೆಗೆ ಬಣ್ಣ ಬರುವುದು ಅದರಿಂದಲೇ. ಅದರ ಕಟು ವಾಸನೆ ರಸ್ತೆಯವರೆಗೆ ಹೊಡೆಯುತ್ತಿತ್ತು. ಸರ್ ಹಂಡೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಕೊರೊನಾ ಬಂದು ಹೋದ ಮೇಲೆ ಅವರ ಮೂಗು ಸತ್ತೇಹೋಗಿತ್ತು. ಹಾಲು ಹಳಸಿದ್ದು ತಿಳಿಯದೆ ತಾವೇ ಕಾಫಿ ಮಾಡಿ ನನಗೂ ಕುಡಿಸಿದ ಮಹಾನುಭಾವರು. "ಇವರ ಮುಂದೆ ಮನೆ ಹತ್ತಿ ಉರಿದ್ರೂ ಕಣ್ಣಲ್ಲಿ ನೋಡಿಯೇ ಗೊತ್ತಾಗಬೇಕು," ಎಂದು ವೇದಕ್ಕ ಆಗ ನಕ್ಕಿದ್ದರು.

ಊಟವಾದ ಮೇಲೆ ಸರ್ ಮಲಗಿದರು. ವೇದಕ್ಕ ನನ್ನನ್ನು ಕರೆದು, "ಸ್ಪಂದನಾ, ಚಪ್ಪರ ಹತ್ತಿ ಅಡಿಕೆ ಒಂದ್ಸಲ ಕೈಯಾಡ್ಸಿ ಬರ್ತೀಯಾ? ನಂಗೆ ಏಣಿ ಹತ್ತಕ್ಕೆ ಮಂಡಿ ಬಿಡಲ್ಲ," ಎಂದರು. ಹತ್ತಿದೆ. ಪ್ರಬಂಧ ತಿದ್ದುವುದಕ್ಕಿಂತ ಅಡಿಕೆ ಕೈಯಾಡಿಸುವುದು ಎಷ್ಟೋ ವಾಸಿ. ಬಿಸಿಲಿಗೆ ಬೆನ್ನು ಕೊಟ್ಟು ಕೂತು ಅಡಿಕೆ ಸರಿಸುತ್ತ ಬಂದೆ. ಎರಡು ತಟ್ಟಿ ಒಂದರ ಮೇಲೊಂದು ಸೇರುವ ಮೂಲೆಯಲ್ಲಿ ಏನೋ ಕಂಡಿತು.

ಓತಿಕ್ಯಾತನ ಅಸ್ಥಿಪಂಜರ. ಸತ್ತು ಬಹಳ ಕಾಲವಾಗಿತ್ತು. ಇರುವೆಗಳು ಅದನ್ನು ತಿಂದು ಚೊಕ್ಕ ಮಾಡಿದ್ದವು. ಬೇಯಿಸಿದ ಒದ್ದೆ ಅಡಿಕೆಯಿಂದ ಇಳಿದ ಚೊಗರು ಮೇಲೆ ತೊಟ್ಟಿಕ್ಕಿ, ಒಣಗಿ, ಮತ್ತೆ ತೊಟ್ಟಿಕ್ಕಿ, ಎಲುಬೆಲ್ಲ ಕರಿಗೆಂಪಾಗಿ ಹೊಳೆಯುತ್ತಿತ್ತು. ಆ ಬಣ್ಣ ನನಗೆ ಗೊತ್ತು. ಮೈಕ್ರೋಸ್ಕೋಪಿನಲ್ಲಿ ಕಣ್ಣು ಹಾಳು ಮಾಡಿಕೊಂಡು ವರ್ಷಗಟ್ಟಲೆ ನೋಡಿದ ವೇದಸಾರಸ್ ದವಡೆಯ ಬಣ್ಣ ಅದು. ಬೆರಳು ತಾಗಿಸಿದರೆ ದವಡೆ ಪಟ್ಟನೆ ಮುರಿದು, ಅದರ ಚೂರೊಂದು ತಟ್ಟಿಯ ಸಂದಿಗೆ ಬಿತ್ತು.

ಅಲ್ಲೇ ಕೂತುಬಿಟ್ಟೆ. ಹಿಡಿಕಡ್ಡಿ, ಮೊರ, ಒಂದು ಕಾಳೂ ಪೋಲಾಗದ ಹಾಗೆ ಗುಡಿಸುವ ವೇದಕ್ಕ, ಎಲ್ಲ ಕಣ್ಣ ಮುಂದೆ ಬಂದು ಹೋಯಿತು.

ಚೂರನ್ನು ಸಂದಿಯಿಂದ ಹೆಕ್ಕಿ ಕರವಸ್ತ್ರದಲ್ಲಿ ಕಟ್ಟಿಕೊಂಡು ಇಳಿದೆ. ಸರ್ ಇನ್ನೂ ಮಲಗಿದ್ದರು. ಜಗಲಿಯ ಬೀರುವಿನಿಂದ ವೇದಸಾರಸ್‌ನ ಡಬ್ಬಿ ತೆಗೆದು ಎರಡು ದವಡೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಹಲ್ಲಿನ ಆಕಾರ ಅದೇ, ಎಲುಬಿಗೆ ಬೆಸೆದ ರೀತಿ ಅದೇ, ಸವೆದ ಗುರುತೂ ಹೆಚ್ಚುಕಡಿಮೆ ಅದೇ. ಹದಿನೇಳು ಕೋಟಿ ವರ್ಷದ ಹಿಂದೆ ಓತಿಕ್ಯಾತನ ಹಲ್ಲು ಹೇಗೆ ಬಂತು ಎಂದು ನಾನು ಅಧ್ಯಾಯ ಬರೆದಿದ್ದೆನಲ್ಲ, ಅದಕ್ಕೆ ಉತ್ತರ ಚಪ್ಪರದ ಮೇಲಿತ್ತು. ನಗು ಬಂತು. ಆಮೇಲೆ ಅಳು ಬಂತು. ಎರಡನ್ನೂ ನುಂಗಿಕೊಂಡು ಡಬ್ಬಿ ಮುಚ್ಚಿ ಮೊದಲಿದ್ದಲ್ಲೇ ಇಟ್ಟೆ.

ಹೋಲಿಕೆ ಇದ್ದಮಾತ್ರಕ್ಕೆ ಅದೇ ಎಂದು ಹೇಳಲಾಗದು, ಸರಿ. ಆದರೆ ಸೂಜಿ ಹೇಳುತ್ತದೆ. ಎಮ್ಮೆಯ ಹಲ್ಲಿಗೆ ತಾಗಿಸಿದ ಸೂಜಿಯನ್ನು ಸರ್ ತಮ್ಮ ದವಡೆಗೆ ಮಾತ್ರ ತಾಗಿಸಿರಲಿಲ್ಲ. ಇರುವುದೊಂದೇ ಚೂರು, ಸುಟ್ಟರೆ ಹಾಳಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಸ್ವಂತ ಮನೆಯಲ್ಲಿ ಹೆಂಡತಿ ತೊಳೆದ ಮಣ್ಣನ್ನು ಯಾರು ಅನುಮಾನಿಸುತ್ತಾರೆ?

ಮನೆಗೆ ಹೋದ ಮೇಲೆ ಯಾರಿಗೂ ಹೇಳಲಿಲ್ಲ. ಕಾಲೇಜಿನಲ್ಲಿ ಉತ್ತರಪತ್ರಿಕೆ ತಿದ್ದುವ ಗಡಿಬಿಡಿ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತರೆ ಸಾಕು, ಇದೇ ಯೋಚನೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಪ್ರಬಂಧ ಹೋಗುತ್ತದೆ, ಡಿಗ್ರಿ ಬರುತ್ತದೆ, ಅಮ್ಮನ ಬಾಯಿ ಮುಚ್ಚುತ್ತದೆ. ಹೇಳಿದರೆ ಇಷ್ಟು ವರ್ಷದ ಕೆಲಸ ನೀರಿನಲ್ಲಿ ಹೋಮ. ಅಪ್ಪ ಚಂದ್ರಯ್ಯ ಒಂದು ಸಂಜೆ ನನ್ನ ಮುಖ ನೋಡಿ, "ಎಂತಾತೇ? ಜ್ವರನಾ?" ಎಂದರು. ಸುಸ್ತು ಎಂದೆ. ನಮ್ಮ ಮನೆಯಲ್ಲಿ ಸುಸ್ತು ಎಂದರೆ ಊಟ ಹಾಕುತ್ತಾರೆ, ಹಾಕಿದರು.

ಕೊನೆಗೆ ಹೇಳಿಬಿಟ್ಟೆ. ದೊಡ್ಡ ನಿಯತ್ತಿನಿಂದಲ್ಲ. ಹೇಳದೆ ಹೊತ್ತುಕೊಂಡು ತಿರುಗುವುದು ಇನ್ನೂ ಭಾರವೆನಿಸಿತು, ಅಷ್ಟೇ. ಮುಂದಿನ ಭಾನುವಾರ ಹೋಗಿ ಕರವಸ್ತ್ರ ಬಿಚ್ಚಿ ಸರ್ ಮುಂದೆ ಇಟ್ಟೆ.

ಅವರು ಎರಡನ್ನೂ ನೋಡಿದರು. ಬಹಳ ಹೊತ್ತು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. ತೆಗೆದಾಗ ಮುಖ ಕೆಂಪಾಗಿತ್ತು.

"ಎಂತ ಹೇಳ್ತಿದೀಯ ಅಂತ ಗೊತ್ತಿದ್ಯಾ ನಿಂಗೆ?"

"ಗೊತ್ತು ಸರ್."

"ಆ ಪೇಪರು ಹೊರದೇಶದವ್ರೆಲ್ಲ ನೋಡಿದಾರೆ. ಅವ್ರಿಗೆ ಕಾಣ್ದಿದ್ದು ನಿಂಗೆ ಕಾಣ್ತಾ?"

"ಅವ್ರು ಫೋಟೊ ನೋಡಿದಾರೆ ಸರ್. ಚಪ್ಪರ ನೋಡಿಲ್ಲ."

ಸರ್ ಎದ್ದು ಒಳಗೆ ಹೋದರು. ಬಾಗಿಲು ಹಾಕಿದ ಸದ್ದಾಯಿತು. ಇದೆಲ್ಲ ಗೊತ್ತಿಲ್ಲದ ವೇದಕ್ಕ, ಬಂದವಳು ಬರಿಗೈಲಿ ಹೋಗುವುದುಂಟೇ ಎಂದು ಒಂದು ಚಿಪ್ಪು ಬಾಳೆಹಣ್ಣು ಚೀಲಕ್ಕೆ ತುಂಬಿ ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಊರಿಗೆ ಬಂದೆ.

ಆಮೇಲೆ ಅವರ ಫೋನಿಲ್ಲ. ಬರದಿದ್ದರೆ ಒಳ್ಳೆಯದು ಎಂದೇ ಒಳಗೊಳಗೆ ಬೇಡಿಕೊಳ್ಳುತ್ತಿದ್ದೆ. ಹೇಳುವುದನ್ನು ಹೇಳಿಯಾಗಿದೆ, ಗೈಡ್ ಬೇಡವೆಂದರೆ ನನ್ನ ತಪ್ಪೇನು, ಪ್ರಬಂಧ ಇದ್ದ ಹಾಗೇ ಸಲ್ಲಿಸಬಹುದು ಎಂದು ಮನಸ್ಸು ವಕೀಲಿಕೆ ಶುರು ಮಾಡಿತ್ತು. ಆದರೆ ಸಂಕ್ರಾಂತಿ ಕಳೆದ ಮೇಲೆ ಫೋನು ಬಂತು. "ಭಾನುವಾರ ಬಾ," ಎಂದರು. "ಸೂಜಿ ಇಲ್ಲೇ ಇದೆ."

ಹೋದಾಗ ಸರ್ ಇಳಿದುಹೋಗಿದ್ದರು. ಗಡ್ಡ ಬೆಳೆದಿತ್ತು. ಜಗಲಿಯ ಮೇಜಿನ ಮೇಲೆ ಸ್ಪಿರಿಟ್ ದೀಪ, ಸೂಜಿ, ವೇದಸಾರಸ್‌ನ ಡಬ್ಬಿ. ಅಡಿಕೆ ಕೆಲಸ ಮುಗಿದು ಹಂಡೆ ಬೋರಲು ಬಿದ್ದಿತ್ತು. ವೇದಕ್ಕ ಕೊಟ್ಟಿಗೆಯಲ್ಲಿದ್ದರು.

"ನಿದ್ದೆ ಇಲ್ಲ ಮಾರಾಯ್ತಿ," ಎಂದರು ಸರ್. "ಹೌದೋ ಅಲ್ವೋ, ಒಂದು ತೀರ್ಮಾನ ಆಗ್ಲಿ. ಸುಡೋದು ನಾನು. ವಾಸನೆ ನೋಡೋದು ನೀನು. ನನ್ನ ಮೂಗಿನ ಕತೆ ಗೊತ್ತಲ್ಲ."

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಸೂಜಿ ಸತ್ಯ ಹೇಳುತ್ತದೆ ಎಂದುಕೊಂಡಿದ್ದೆ. ಸೂಜಿಗೆಲ್ಲಿ ಬಾಯಿ? ಹೇಳಬೇಕಾದವಳು ನಾನು.

ಸರ್ ದೀಪ ಹಚ್ಚಿ ಸೂಜಿ ಕಾಯಿಸಿದರು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ದವಡೆಯ ಮುರಿದ ತುದಿಗೆ ಸೂಜಿ ತಾಗಿಸಿದರು. ಸಣ್ಣದೊಂದು ಚಿಟಿ ಸದ್ದು. ನೂಲಿನೆಳೆಯಷ್ಟು ಹೊಗೆ ಎದ್ದು ನನ್ನ ಮುಖದ ಕಡೆಗೇ ಬಂತು.

ಕೂದಲು ಸುಟ್ಟ ವಾಸನೆ. ಯಾವ ಅನುಮಾನಕ್ಕೂ ಎಡೆಯಿರಲಿಲ್ಲ. ದುರ್ಗೇಶನ ಎಮ್ಮೆಯದೇ ವಾಸನೆ.

"ಬಂತಾ?" ಸರ್ ಕೇಳಿದರು.

ಅವರ ಮುಖ ನೋಡಿದೆ. ಮಗುವೊಂದು ತನ್ನ ಪಾಸು ಫೇಲು ಕೇಳುವ ಹಾಗೆ ನೋಡುತ್ತಿದ್ದರು. ಆ ಕ್ಷಣಕ್ಕೆ ನನಗೆ ಹೊಳೆದದ್ದು ವಿಜ್ಞಾನವಲ್ಲ. ಮತ್ತೆ ಮೊದಲಿನಿಂದ ಮಣ್ಣು, ಮತ್ತೆ ಜರಡಿ, ಮತ್ತೆ ಅತಿಥಿಯ ಅರ್ಜಿ, ಮತ್ತೆ ಬೆಳಗಿನ ಬಸ್ಸು. ಒಂದು ಮಾತಿನಲ್ಲಿ ಇದೆಲ್ಲ ತಪ್ಪುತ್ತದೆ. ಒಂದೇ ಮಾತಿನಲ್ಲಿ ಈ ಮುದುಕರೂ ಬದುಕಿಕೊಳ್ಳುತ್ತಾರೆ.

"ಇಲ್ಲ ಸರ್," ಎಂದೆ.

"ಸರಿ ನೋಡಿದ್ಯಾ?"

"ನೋಡಿದೆ ಸರ್. ಎಂತದೂ ಬರ್ಲಿಲ್ಲ."

ಸರ್ ಸೂಜಿ ಕೆಳಗಿಟ್ಟು ಕುರ್ಚಿಗೆ ಒರಗಿದರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು, ಕಣ್ಣನ್ನೂ ಒರೆಸಿಕೊಂಡರು. "ನಾ ಹೇಳ್ಲಿಲ್ವಾ ನಿಂಗೆ," ಎಂದು ನಗಲು ಶುರು ಮಾಡಿದರು. "ಓತಿಕ್ಯಾತ ಅಂತೆ ಓತಿಕ್ಯಾತ. ಒಂದು ತಿಂಗಳು ನನ್ನ ಜೀವ ತಿಂದ್ಯಲ್ಲೇ." ಇನ್ನು ತಡ ಮಾಡುವುದು ಬೇಡ, ಈ ವಾರವೇ ಪ್ರಬಂಧ ಸಲ್ಲಿಸಿಬಿಡು ಎಂದರು. ಸಹಿ ಹಾಕಲು ಪೆನ್ನು ಹುಡುಕಿದರು. ನಾನು ನೆಲ ನೋಡುತ್ತ ತಲೆಯಾಡಿಸುತ್ತಿದ್ದೆ. ಸುಳ್ಳು ಹೇಳಿದ ಮೇಲೆ ಹಗುರಾಗುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ, ಆದರೂ ನಿಜವಾಗಿ ಹಗುರಾಗಿತ್ತು.

ಅಷ್ಟರಲ್ಲಿ ವೇದಕ್ಕ ಕೊಟ್ಟಿಗೆಯಿಂದ ಬಂದರು. ಜಗಲಿಯ ಮೆಟ್ಟಿಲು ಹತ್ತುತ್ತಲೇ ಸೆರಗಿನಿಂದ ಮೂಗು ಮುಚ್ಚಿಕೊಂಡು, ಗಂಡನಿಗೆ ತಮ್ಮ ಮನೆಮಾತಿನಲ್ಲಿ ಕೇಳಿದರು.

"ಎಂತ ಸುಟ್ರಿ ಇಲ್ಲಿ? ಜಗಲಿ ತುಂಬ ಕೂದಲು ಸುಟ್ಟ ವಾಸನೆ ಬತ್ತಾ ಇದ್ದು!"

ಸರ್ ನಗು ನಿಂತಿತು. ಪೆನ್ನು ಕೈಯಲ್ಲೇ ಇತ್ತು. ಅವರು ಹೆಂಡತಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ನಿಂಗೆ ನೆಗಡಿಯಾ?" ಎಂದು ಮೆಲ್ಲಗೆ ಕೇಳಿದರು.

ಹೌದೆಂದು ಬಿಡಬಹುದಿತ್ತು. ಅವರೇ ದಾರಿ ಮಾಡಿ ಕೊಟ್ಟಿದ್ದರು. ಆದರೆ ಎರಡನೇ ಸುಳ್ಳಿಗೆ ನನ್ನಲ್ಲಿ ತ್ರಾಣ ಉಳಿದಿರಲಿಲ್ಲ.

"ಇಲ್ಲ ಸರ್."

ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪೆನ್ನನ್ನು ಮೇಜಿನ ಮೇಲೆ ಇಟ್ಟು, "ನಿಂಗೆ ಇಷ್ಟು ಸುಸ್ತಾಗಿದೆ ಅಂತ ನಂಗೆ ಗೊತ್ತಿರ್ಲಿಲ್ಲ," ಎಂದರು. ಕೇಳಿ ನಾನು ಅಲ್ಲೇ ಅತ್ತುಬಿಟ್ಟೆ.

ವೇದಕ್ಕ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದರು. ಸರ್ ನಿಧಾನವಾಗಿ ಎಲ್ಲ ಹೇಳಿದರು, ಚಪ್ಪರ, ಚೊಗರು, ಓತಿಕ್ಯಾತ. ವೇದಕ್ಕ ತಮ್ಮ ಹೆಸರು ಹೋದದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಿಡಿಕಡ್ಡಿ ಹಿಡಿಯುವ ತಮ್ಮ ಬಲಗೈಯನ್ನೇ ನೋಡಿಕೊಂಡು, "ಹಂಗಾರೆ ಆನು ಗುಡಿಸಿ ಹಾಕಿದ್ದಾ ಅದು?" ಎಂದರು.

"ನಿಂದು ಎಂತ ತಪ್ಪೂ ಇಲ್ಲೆ," ಎಂದ ಸರ್ ತಮ್ಮ ಎದೆ ಮುಟ್ಟಿಕೊಂಡರು. "ನೋಡಕಾಗಿದ್ದವ ಆನು."

ಆಮೇಲೆ ಸರ್ ಡಬ್ಬಿಯಿಂದ ಬೆನ್ನುಮೂಳೆಯ ತುಣುಕುಗಳನ್ನು ತೆಗೆದರು. ದವಡೆ ಹೋದ ಮೇಲೆ ಆ ಎರಡಕ್ಕೆ ಹೆಸರಿಲ್ಲ. ಅವೂ ಚಪ್ಪರದ್ದೋ ಅಥವಾ ನಿಜವಾಗಿ ಗೋದಾವರಿಯದ್ದೋ ನೋಡಬೇಕಿತ್ತು. ಅವರು ಮತ್ತೆ ಸೂಜಿ ಕಾಯಿಸಿದರು. ನಾನು ಕಣ್ಣೊರೆಸಿಕೊಂಡು ಅಭ್ಯಾಸದಂತೆ ಮೇಜಿನ ಹತ್ತಿರ ಸರಿದು ನಿಂತೆ.

"ವೇದಾ," ಎಂದರು ಸರ್, ನನ್ನ ಕಡೆ ತಿರುಗದೆ. "ಇಲ್ಲಿ ಬಾ. ಇದರ ವಾಸನೆ ನೋಡು."

ನಾನು ಹಿಂದೆ ಸರಿದು ಜಾಗ ಬಿಟ್ಟೆ. ವೇದಕ್ಕ ಬಂದು ಮೇಜಿನ ಮೇಲೆ ಬಗ್ಗಿದರು. ಸರ್ ಒಂದಕ್ಕೆ ಸೂಜಿ ತಾಗಿಸಿದರು, ಆಮೇಲೆ ಇನ್ನೊಂದಕ್ಕೆ. ವೇದಕ್ಕ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು.

"ಎಂತ ವಾಸನೆಯೂ ಇಲ್ಲೆ," ಎಂದರು.

ಸರ್ ಆ ತುಣುಕುಗಳನ್ನು ಹತ್ತಿಯ ಮೇಲೆ ಜೋಪಾನವಾಗಿ ಇಟ್ಟರು. ನನ್ನ ಮೂಗಿಗೂ ಏನೂ ಬಂದಿರಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ.